ಆಡಿನ ಮೇಲೆ ಬಿದ್ದ ಕೋರ್ಟು ಖರ್ಚು

ಅಪರಾಧಿಗಳಿಂದ ಕೋರ್ಟಿನ ಖರ್ಚನ್ನು ಕಡ್ಡಾಯವಾಗಿ ವಸೂಲು ಮಾಡತಕ್ಕದ್ದೆಂದು ನಿಯಮ ಬರೆದ ಮಾನ್ಯ ಅಧಿಕಾರಿಗಳೇ,

ಬರುವ ಸೋಮವಾರ ನಿಮ್ಮ ಕಡೆಯವರು ಬೀದರ ತಾಲೂಕಿನ ಜನವಾಡಕ್ಕೆ ಬಂದು ನನ್ನ ನೆರೆಮನೆಯ ಕುಲಸುಮಬೀ ಅವರ ಆಡನ್ನು ಜಪ್ತಿ ಮಾಡಲಿದ್ದಾರೆ. ಹಾಗೆಂದು ನೋಟಿಸು ಬಂದಿದೆ. ಆಡು ಕಪ್ಪಗಿದೆ, ಎಡಗಿವಿ ತುಸು ಹರಿದಿದೆ, ಗುರುತು ಹಿಡಿಯಲು ನಿಮ್ಮವರಿಗೆ ತೊಂದರೆಯಾಗದು. ಆ ಆಡನ್ನು ಒಯ್ಯಬಾರದೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಕುಲಸುಮಬೀ ಅವರು ನನ್ನ ವಿರುದ್ಧ ಅಪರಾಧ ಮಾಡಿದ್ದಾರೆಂದು ನ್ಯಾಯಾಲಯ ತೀರ್ಮಾನಿಸಿದೆ. ನಾನು ಅವರ ವಿರುದ್ಧ ಅಪರಾಧ ಮಾಡಿದ್ದೇನೆಂದು ಅದೇ ನ್ಯಾಯಾಲಯ ಅದೇ ದಿನ ತೀರ್ಮಾನಿಸಿದೆ. ಆದ್ದರಿಂದ ಇದನ್ನು ಒಬ್ಬ ಅಪರಾಧಿ ಇನ್ನೊಬ್ಬ ಅಪರಾಧಿಯ ಪರವಾಗಿ ಬರೆದ ಪತ್ರವೆಂದು ತಿಳಿದು ತಾವು ಎಚ್ಚರಿಕೆಯಿಂದ ಓದಬೇಕು.

ನನ್ನ ಹೆಸರು ಕೇಶರಬಾಯಿ. ಔರಾದ ತಾಲೂಕಿನ ಹಳ್ಳಿ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಉರ್ದು, ಸಂತೆಯಲ್ಲಿ ತೆಲುಗು ಮಾತಾಡುವ ಮಕ್ಕಳಿಗೆ ಒತ್ತಕ್ಷರ ತಿದ್ದಿಸಿದವಳಿಗೆ ತಾಳ್ಮೆ ಕಡಿಮೆ ಎಂದು ಯಾರೂ ಹೇಳಲಾರರು, ಒಂದು ದಿನದ ಹೊರತಾಗಿ. ಆ ದಿನದ ವಿಷಯ ಮುಂದೆ ಬರುತ್ತದೆ. ತಪ್ಪು ಮಾಡಿದರೆ ಒಪ್ಪಿಕೊಳ್ಳಬೇಕು, ಒಪ್ಪಿಕೊಂಡವರೇ ದೊಡ್ಡವರು ಎಂದು ನೌಕರಿಯುದ್ದಕ್ಕೂ ಮಕ್ಕಳಿಗೆ ಹೇಳಿಕೊಟ್ಟೆ. ಒಪ್ಪಿಕೊಂಡವರ ಮನೆಗೆ ಬಿಲ್ಲು ಬರುತ್ತದೆ ಎಂಬುದು ನಮ್ಮ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಮುಂದಿನ ಆವೃತ್ತಿಯಲ್ಲಿ ಸೇರಿಸಲು ತಾವು ಸಂಬಂಧಪಟ್ಟ ಇಲಾಖೆಗೆ ಸೂಚಿಸಬಹುದು.

ಈಗ ಅಪರಾಧದ ವಿಷಯ. ಕುಲಸುಮಬೀ ಅವರ ಮನೆಗೂ ನನ್ನ ಮನೆಗೂ ನಡುವೆ ಒಂದು ಗೋಡೆಯಿದೆ. ಗೋಡೆ ಎಂದು ಮರ್ಯಾದೆಗೆ ಹೇಳುವುದು. ನಡುವೆ ಒಬ್ಬರು ಬಗ್ಗಿ ದಾಟುವಷ್ಟು ಬಿದ್ದುಹೋಗಿ ಎಷ್ಟೋ ಕಾಲವಾಯಿತು. ಆ ಕಿಂಡಿಯಿಂದ ಮೊಸರಿನ ಹೆಪ್ಪು, ಕೊತ್ತಂಬರಿ, ಈದಿನ ಖೀರು, ಬುದ್ಧ ಪೂರ್ಣಿಮೆಯ ಪಾಯಸ, ಎರಡೂ ಮನೆಯ ಕಷ್ಟಸುಖ ಎಲ್ಲವೂ ಹಾಯ್ದು ಹೋಗುತ್ತಿದ್ದವು. ಅವರು ನನಗಿಂತ ಹಿರಿಯರಾದ್ದರಿಂದ ನಾನು ಆಪಾ ಎನ್ನುತ್ತೇನೆ. ಅವರು ನನ್ನನ್ನು ಬಾಯಿ ಎನ್ನುತ್ತಾರೆ. ಕೆಲವು ಬೇಸಿಗೆಗಳ ಹಿಂದೆ ನಾನು ಅಂಗಳದ ಹೊರಸಿನ, ಅಂದರೆ ಹಗ್ಗದ ಮಂಚದ, ಮೇಲೆ ಹಳೆಯ ಸೀರೆ ಹಾಸಿ ಕುರಡಗಿ ಒಣಹಾಕಿದ್ದೆ. ತಾವು ದಕ್ಷಿಣದ ಕಡೆಯವರಾಗಿದ್ದರೆ ಕುರಡಗಿ ಗೊತ್ತಿರಲಿಕ್ಕಿಲ್ಲ. ಗೋಧಿಯನ್ನು ದಿನಗಟ್ಟಲೆ ನೆನೆಸಿ, ಅರೆದು, ಹಾಲು ಹಿಂಡಿ, ಆ ಹಾಲನ್ನು ರಟ್ಟೆ ನೋಯುವ ತನಕ ತಿರುವಿ ಬೇಯಿಸಿ, ಬಿಸಿಯಿರುವಾಗಲೇ ಎಳೆ ಎಳೆಯಾಗಿ ಒತ್ತಿ ಬಿಸಿಲಿಗೆ ಹಾಕುವ ತಿನಿಸು ಅದು. ಹಬ್ಬಕ್ಕೆ ಎಣ್ಣೆಯಲ್ಲಿ ಬಿಟ್ಟರೆ ಅರಳಿ ತಟ್ಟೆ ತುಂಬುತ್ತದೆ. ಆ ದಿನ ನಾನು ನೀರು ಕುಡಿದು ಬರುವಷ್ಟರಲ್ಲಿ ಆಪಾ ಅವರ ಆಡು ಕಿಂಡಿಯಿಂದ ಬಂದು ಅರ್ಧ ಕುರಡಗಿ ತಿಂದು, ಉಳಿದರ್ಧದ ಮೇಲೆ ನಿಂತು ನನ್ನನ್ನು ನೋಡುತ್ತಿತ್ತು.

ನಾನು ಕೂಗಿದ್ದು ನಿಜ. ಆಡಿನ ಕಾಲು ಮುರಿಯುತ್ತೇನೆ ಎಂದದ್ದೂ ನಿಜ. ಆಪಾ ಬಂದವರು ಸಮಾಧಾನ ಹೇಳುವ ಬದಲು ನೆಲದ ಮೇಲಿನ ಒಂದು ಚೂರನ್ನು ಎತ್ತಿ, ಆಚೀಚೆ ಹೊರಳಿಸಿ ನೋಡಿ ಹೀಗೆಂದರು:

"ಬಾಯಿ, ನಿನ್ನ ಕುರಡಗಿ ಆಡಿಗಿ ಸೈತ ಸೇರಿಲ್ಲ. ನೋಡಿಲ್ಲಿ, ಉಗುಳ್ಯದ."

ಮಾನ್ಯರೇ, ತಾವು ನ್ಯಾಯಶಾಸ್ತ್ರ ಓದಿದವರು. ಇದಕ್ಕಿಂತ ದೊಡ್ಡ ಪ್ರಚೋದನೆ ಯಾವ ಗ್ರಂಥದಲ್ಲಾದರೂ ದಾಖಲಾಗಿದ್ದರೆ ತಿಳಿಸಬೇಕು. ನಾನು ಅವರನ್ನು ತಳ್ಳಿದೆ. ಅವರು ನನ್ನನ್ನು ತಳ್ಳಿದರು. ಇಬ್ಬರೂ ಹೊರಸಿನ ಮೇಲೆ ಬಿದ್ದೆವು. ಹೊರಸಿನ ಕಾಲು ಮುರಿಯಿತು. ಆಡಿನ ನಾಲ್ಕೂ ಕಾಲು ನೆಟ್ಟಗಿದ್ದವು.

ಇಷ್ಟಕ್ಕೇ ಮುಗಿಯಬೇಕಾದ ಮಾತು ಠಾಣೆಗೆ ಹೋದದ್ದು ನಮ್ಮ ಗಂಡಸರ ಕೃಪೆಯಿಂದ. ನನ್ನ ಮೈದುನ ನರಸಿಂಗನಿಗೆ ನಮ್ಮ ಮನೆತನದ ಮರ್ಯಾದೆ ನೆನಪಾಯಿತು. ಆಪಾ ಅವರ ತಮ್ಮ ಹಬೀಬನಿಗೆ ಅವರ ಮನೆತನದ ಮರ್ಯಾದೆ ನೆನಪಾಯಿತು. ನಮ್ಮ ದೂರು ಮೊದಲಾದರೆ ತಾವು ಕೆಡುತ್ತೇವೆಂದು ಹಬೀಬನೂ, ಅವರದು ಮೊದಲಾದರೆ ನಾವು ಕೆಡುತ್ತೇವೆಂದು ನರಸಿಂಗನೂ ನಮ್ಮಿಬ್ಬರನ್ನು ಒಂದೇ ಹೊತ್ತಿಗೆ ಠಾಣೆಗೆ ಕರೆದೊಯ್ದರು. ನಾವು ಒಳಗೆ ದೂರು ಬರೆಸುತ್ತಿದ್ದಾಗ ಈ ಇಬ್ಬರು ವೀರರು ಎದುರಿನ ಹೋಟೆಲಿನಲ್ಲಿ ಒಂದು ಚಹಾವನ್ನು ಎರಡು ಬಸಿ ತಟ್ಟೆಗೆ ಹಾಕಿಕೊಂಡು ಕುಡಿಯುತ್ತಿದ್ದರು. ಒಳಗೆ ಬರೆದುಕೊಂಡವರು ನಮ್ಮ ಮಾತನ್ನು ಹೆಚ್ಚು ಕೇಳಲಿಲ್ಲ. ಅವರಿಗೆ ಕೇಳುವ ಅಗತ್ಯವೂ ಇರಲಿಲ್ಲ. ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ತಳ್ಳಿ, ಜೀವದ ಬೆದರಿಕೆ ಹಾಕಿರುತ್ತಾರೆ ಎಂದು ನನ್ನ ದೂರಿನಲ್ಲಿ ಬಂತು. ಆಪಾ ಅವರ ದೂರಿನಲ್ಲೂ ಅದೇ ಬಂತು. ನಾನು ಬೆದರಿಕೆ ಹಾಕಿದ್ದು ಆಡಿಗೆ, ಅದೂ ಕಾಲಿಗೆ ಮಾತ್ರ. ಕುರಡಗಿಯನ್ನು ಆಡು ಉಗುಳಿತೆಂಬ ಮಾತು, ನನಗೆ ನಿಜವಾಗಿ ನೋವಾದ ಒಂದೇ ಮಾತು, ಎರಡೂ ಕಾಗದದಲ್ಲಿ ಇರಲಿಲ್ಲ. ಅದು ಅವಾಚ್ಯವಲ್ಲವಂತೆ.

ಸಾಕ್ಷಿ ಬೇಕಾಯಿತು. ಹಳೆ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವ ಭಾಲ್ಕಿಯ ಹಣಮಂತ ಅಂದು ನಮ್ಮ ಓಣಿಯಲ್ಲಿದ್ದ. ಅವನು ನೋಡಿದ್ದು ಇಬ್ಬರು ಹೆಂಗಸರು ಮುರಿದ ಹೊರಸಿನಿಂದ ಏಳುತ್ತಿದ್ದುದನ್ನು. ಆ ಸೀರೆಯನ್ನು ಕೊಡುತ್ತೀರೇನು ಎಂದು ಕೇಳಲು ಬಂದವನು ಎರಡು ಪ್ರಕರಣಗಳ ಪ್ರತ್ಯಕ್ಷ ಸಾಕ್ಷಿಯಾದ.

ಆಮೇಲೆ ತಾರೀಖುಗಳು ಶುರುವಾದವು. ಕಿಂಡಿಗೆ ಕಲ್ಲು ಒಟ್ಟಿದೆವು. ಬೀದರಿನ ಕೋರ್ಟಿಗೆ ಹೋಗುವ ದಿನ ಆಪಾ ಬಸ್ಸಿನ ಮುಂದಿನ ಸೀಟಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ. ಹೆಂಗಸರಿಗೆ ಬಸ್ಸು ಉಚಿತ. ಅಂದರೆ ಆರೋಪಿಗಳಾದ ನಮ್ಮನ್ನು ಸರ್ಕಾರ ತನ್ನ ಖರ್ಚಿನಲ್ಲೇ ಕೋರ್ಟಿಗೆ ಕರೆದೊಯ್ದು, ತನ್ನ ಖರ್ಚಿನಲ್ಲೇ ಮನೆಗೆ ಬಿಟ್ಟಿತು. ಅದಕ್ಕೆ ನಾವು ಇಂದಿಗೂ ಕೃತಜ್ಞರು. ಎಡಗೈಯಲ್ಲಿ ಕೊಟ್ಟದ್ದನ್ನು ಬಲಗೈಯಲ್ಲಿ ತೆಗೆದುಕೊಳ್ಳುವ ಏರ್ಪಾಡು ಇದೆಯೆಂದು ನಮಗೆ ಆಗ ಗೊತ್ತಿರಲಿಲ್ಲ.

ಜಗಳ ಮುಗಿದದ್ದು ಮುಂದಿನ ಬೇಸಿಗೆಯಲ್ಲಿ. ನಮ್ಮ ಎರಡು ಮನೆಗೆ ಸೇರಿ ಕುರಡಗಿ ಒತ್ತುವ ಯಂತ್ರ ಒಂದೇ ಇದೆ. ಹಿತ್ತಾಳೆಯದು, ಇಬ್ಬರೂ ಕೂಡಿ ಬೀದರಿನಲ್ಲಿ ಕೊಂಡದ್ದು. ಯಾರೊಬ್ಬರೂ ಅದನ್ನು ತಮ್ಮದೇ ಎನ್ನಬಾರದೆಂದು ಹಿಡಿಕೆಯಿರುವ ಭಾಗ ನನ್ನ ಮನೆಯಲ್ಲಿ, ತೂತಿನ ಬಿಲ್ಲೆ ಅವರ ಮನೆಯಲ್ಲಿ ಇರುತ್ತಿತ್ತು. ಆ ಬೇಸಿಗೆ ನನ್ನಲ್ಲಿ ಒತ್ತಲು ಹಿಡಿಕೆಯಿತ್ತು, ಬಿಲ್ಲೆಯಿರಲಿಲ್ಲ. ಅವರಲ್ಲಿ ಬಿಲ್ಲೆಯಿತ್ತು, ಈದಿನ ಶಾವಿಗೆ ಒತ್ತಲು ಹಿಡಿಕೆಯಿರಲಿಲ್ಲ. ಗೋಧಿ ನೆನೆಹಾಕಿ ಕೂತಿದ್ದ ಇಬ್ಬರನ್ನೂ ನೋಡಿ ಓಣಿಯ ಹಿರಿಯರಾದ ಗೋರಖನಾಥ ಕಾಕಾ ನಮ್ಮನ್ನು ಬೇವಿನ ಕಟ್ಟೆಗೆ ಕರೆಸಿದರು.

ನಮ್ಮ ಓಣಿಯ ಪದ್ಧತಿಯನ್ನು ತಮಗೆ ಇಲ್ಲಿ ವಿವರಿಸಬೇಕು. ಏಕೆಂದರೆ ಮುಂದಿನ ಅನಾಹುತವೆಲ್ಲ ಅದರಿಂದಲೇ ಆಯಿತು. ಜಗಳಾಡಿದವರನ್ನು ಕಟ್ಟೆಯ ಮೇಲೆ ಎದುರುಬದುರು ಕೂಡಿಸುತ್ತಾರೆ. ಹಿರಿಯರು ಒಂದೇ ಪ್ರಶ್ನೆ ಕೇಳುತ್ತಾರೆ: ತಪ್ಪು ಯಾರದು? ಇಬ್ಬರೂ ತಪ್ಪು ನನ್ನದು ಎನ್ನಬೇಕು. ಯಾರು ಮೊದಲು ಎನ್ನುತ್ತಾರೋ ಅವರು ದೊಡ್ಡವರು. ಹೀಗಾಗಿ ಅಲ್ಲಿ ಪೈಪೋಟಿ ನಡೆಯುವುದು ತಪ್ಪನ್ನು ಹೊರಿಸಲಿಕ್ಕಲ್ಲ, ಹೊತ್ತುಕೊಳ್ಳಲಿಕ್ಕೆ. ಆಮೇಲೆ ಒಬ್ಬರ ಬಾಯಿಗೆ ಒಬ್ಬರು ಸಕ್ಕರೆ ಹಾಕುತ್ತಾರೆ. ಸಕ್ಕರೆ ಬಾಯಿಗೆ ಬಿದ್ದ ಮೇಲೆ ಆ ಜಗಳದ ಹೆಸರೆತ್ತಕೂಡದು, ಅದರ ಬಾಬತ್ತು ಕೊಡುವುದು ತೆಗೆದುಕೊಳ್ಳುವುದು ಮಾಡಕೂಡದು. ಅಂದು ಕಟ್ಟೆಯ ಮೇಲೆ ನಾನು ಮೊದಲು ಹೇಳಿದೆ. ಆಪಾ ಅವರ ಮುಖ ಸಣ್ಣದಾಯಿತು. ಕಿಂಡಿಯ ಕಲ್ಲು ಅದೇ ಸಂಜೆ ತೆಗೆದೆವು, ಮರುದಿನ ಕುರಡಗಿಯನ್ನೂ ಶಾವಿಗೆಯನ್ನೂ ಒತ್ತಿದೆವು.

ಕೋರ್ಟಿನ ಪ್ರಕರಣಗಳನ್ನೂ ರಾಜಿ ಮಾಡಿ ಮುಗಿಸೋಣವೆಂದು ನನ್ನ ಹಳೆಯ ವಿದ್ಯಾರ್ಥಿ, ಈಗ ಬೀದರ ಭಾಲ್ಕಿ ಎರಡೂ ಕಡೆ ವಕೀಲಿ ಮಾಡುವ ಕೈಲಾಶನಿಗೆ ಹೇಳಿದೆವು. ಅವನು ರಾಜಿ ಅರ್ಜಿ ಬರೆದು ಇಬ್ಬರ ಸಹಿ ತೆಗೆದುಕೊಂಡ. ಮುಂದಿನ ತಾರೀಖಿಗೆ ಬಂದು ಸುಮ್ಮನೆ ನಿಂತರೆ ಸಾಕು ಎಂದ. ಸುಮ್ಮನೆ ಎಂಬ ಶಬ್ದವನ್ನು ಅವನು ಎರಡು ಸಲ ಹೇಳಿದ್ದ. ಶಾಲೆಯಲ್ಲಿ ಅವನಿಗೆ ನಾನು ಹೇಳಿದ್ದನ್ನು ಅವನೆಷ್ಟು ಕೇಳಿದನೋ, ಅವನು ಹೇಳಿದ್ದನ್ನು ನಾನೂ ಅಷ್ಟೇ ಕೇಳಿದೆ.

ಆ ತಾರೀಖಿಗೆ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತು ಬಂದೆವು. ಕೈಲಾಶ ಅರ್ಜಿಯನ್ನು ಚೀಲದಲ್ಲಿಟ್ಟುಕೊಂಡು, ಇನ್ನೊಂದು ಕೋಣೆಯಲ್ಲಿ ಐದು ನಿಮಿಷದ ಕೆಲಸವಿದೆಯೆಂದು ಹೋದ. ಅಷ್ಟರಲ್ಲಿ ನಮ್ಮ ಎರಡೂ ಪ್ರಕರಣಗಳನ್ನು ಒಟ್ಟಿಗೆ ಕರೆದರು. ವಕೀಲರು ಬರಲಿ ಎಂದು ನ್ಯಾಯಾಧೀಶರೇ ಹೇಳಿದರು. ಆದರೆ ಕಾಯುತ್ತಿರುವಾಗ, ದೂರದ ಊರಿನ ಆ ಸಜ್ಜನರು, ಇಬ್ಬರು ಮುದುಕಿಯರನ್ನು ನೋಡಿ ಸೌಜನ್ಯದಿಂದ, ಸಾಕ್ಷಿ ಹೇಳಿದ್ದನ್ನು ಕೇಳಿದ್ದೀರಲ್ಲ, ನೀವೇನಾದರೂ ಹೇಳುವುದಿದೆಯೇ ಎಂದರು. ಎದುರುಬದುರು ನಿಂತಿದ್ದೇವೆ, ಎತ್ತರದಲ್ಲಿ ಹಿರಿಯರೊಬ್ಬರು ಕೂತಿದ್ದಾರೆ, ಜಗಳದ ಬಗ್ಗೆ ಕೇಳುತ್ತಿದ್ದಾರೆ. ಕಟ್ಟೆಯ ಮೇಲೆ ಎರಡನೆಯವರಾದ ದುಃಖ ಆಪಾ ಅವರಿಗೆ ಇನ್ನೂ ಇತ್ತು. ಈ ಸಲ ಅವರು ನನಗೆ ಅವಕಾಶ ಕೊಡಲಿಲ್ಲ.

"ತಪ್ಪ ನಂದೇ ಅದ ರೀ ಸಾಹೇಬ್ರ. ಬಾಯಿದು ಏನೂ ಇಲ್ರಿ."

ನಾನು ಸುಮ್ಮನಿರಬೇಕಿತ್ತು. ಸುಮ್ಮನಿದ್ದರೆ ಸಣ್ಣವಳಾಗುತ್ತಿದ್ದೆ. ಮೊದಲು ಕೈ ಮಾಡಿದವಳು ನಾನು, ತಪ್ಪು ನನ್ನದೇ ಎಂದೆ. ಆಪಾ, ಕೆಣಕಿದವಳು ತಾನು ಎಂದರು. ನಾನು, ಆಡಿನ ಕಾಲು ಮುರಿಯುತ್ತೇನೆಂದವಳು ನಾನು ಎಂದೆ. ಹೀಗೆ ಸರ್ಕಾರಿ ವಕೀಲರು ವರ್ಷವಿಡೀ ಸಾಬೀತು ಮಾಡಲಾಗದ್ದನ್ನೆಲ್ಲ ನಾವಿಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಸಾಬೀತು ಮಾಡಿಕೊಟ್ಟೆವು. ನ್ಯಾಯಾಧೀಶರು ಕನ್ನಡಕ ತೆಗೆದಿಟ್ಟರು. ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ಕೇಳಿದರು. ಹೀಗೆ ಹೇಳಿದರೆ ಏನರ್ಥವೆಂದು ಗೊತ್ತಿದೆಯೇ ಎಂದು ಕೇಳಿದರು. ಅರ್ಥ ಗೊತ್ತಿದೆ, ನಮ್ಮ ಊರಿನಲ್ಲಿ ಹೀಗೇ ಅನ್ನುವುದು ಎಂದು ಆಪಾ ಹೆಮ್ಮೆಯಿಂದ ಹೇಳಿದರು. ಬರೆದುಕೊಳ್ಳುವವರು ಬರೆದುಕೊಂಡರು. ಆಪಾ ಸೆರಗಿನ ಗಂಟು ಬಿಚ್ಚಿ ನನ್ನ ಬಾಯಿಗೆ ಸಕ್ಕರೆ ಹಾಕಿದರು. ಕೋರ್ಟಿನಲ್ಲಿ ತಿನ್ನಬಾರದೆಂದು ಜವಾನ ಗದರಿಸಿದ. ಕೈಲಾಶ ಓಡುತ್ತ ಒಳಗೆ ಬಂದಾಗ ನನ್ನ ಬಾಯಲ್ಲಿ ಸಕ್ಕರೆ ಇನ್ನೂ ಕರಗಿರಲಿಲ್ಲ, ಆದರೆ ನಾನು ಅಪರಾಧಿಯಾಗಿದ್ದೆ.

ನ್ಯಾಯಾಧೀಶರನ್ನು ನಾನು ದೂರುವುದಿಲ್ಲ. ಅವರು ಜೈಲು ಕೊಡಲಿಲ್ಲ, ದಂಡವನ್ನೂ ಹಾಕಲಿಲ್ಲ, ಇನ್ನು ಮುಂದೆ ಜಗಳಾಡಬೇಡಿ ಎಂದು ಎಚ್ಚರಿಕೆ ಹೇಳಿ ಬಿಟ್ಟರು. ನಾವು ಕೈ ಮುಗಿದು ಹೊರಡುತ್ತಿದ್ದಾಗ ಕೆಳಗೆ ಕೂತ ಗುಮಾಸ್ತರು ಎದ್ದು ಅವರ ಕಿವಿಯಲ್ಲಿ ಏನೋ ಹೇಳಿದರು. ಅವರು ಹೇಳಿದ್ದು ತಮ್ಮ ನಿಯಮ. ಶಿಕ್ಷೆ ಏನೇ ಇರಲಿ, ಇಲ್ಲದೆಯೇ ಇರಲಿ, ಅಪರಾಧಿ ಎಂದು ತೀರ್ಮಾನವಾದವರೆಲ್ಲರೂ ಕೋರ್ಟಿನ ಖರ್ಚನ್ನು ಕಟ್ಟಲೇಬೇಕು. ನ್ಯಾಯಾಧೀಶರು ಆ ನಿಯಮವನ್ನು ತರಿಸಿ ಓದಿದರು. ಓದಿ, ಮತ್ತೊಮ್ಮೆ ಓದಿ, ನಮ್ಮ ಕಡೆ ನೋಡದೆ ಹೇಳಿದರು:

"ದಂಡ ಬಿಡೋದು ನನ್ನ ಕೈಯಲ್ಲಿದೆ ತಾಯಿ. ಖರ್ಚು ಬಿಡೋದು ನನ್ನ ಕೈಯಲ್ಲಿಲ್ಲ."

ಮಾನ್ಯರೇ, ಈ ಮಾತಿನ ಬಗ್ಗೆ ನಾನು ಬಹಳ ದಿನ ಯೋಚಿಸಿದ್ದೇನೆ. ಒಬ್ಬ ಮನುಷ್ಯನನ್ನು ಜೈಲಿಗೆ ಕಳಿಸಬೇಕೋ ಮನೆಗೆ ಕಳಿಸಬೇಕೋ ಎಂದು ತೀರ್ಮಾನಿಸುವ ವಿವೇಕ ನ್ಯಾಯಾಧೀಶರಿಗೆ ಇದೆಯೆಂದು ತಾವು ಒಪ್ಪುತ್ತೀರಿ. ಆ ವಿವೇಕ ಬಡವಿಯೊಬ್ಬಳ ಹತ್ತಿರ ಕಾಗದದ ಬೆಲೆ ಕೇಳಬೇಕೋ ಬೇಡವೋ ಎಂಬಲ್ಲಿಗೆ ಬಂದ ಕೂಡಲೇ ಸಾಲದಾಗುವುದು ಹೇಗೆ? ಅವರು ನಮ್ಮ ಮುಖ ನೋಡಿದ್ದರು, ಮಾತು ಕೇಳಿದ್ದರು. ತಾವು ನಿಯಮ ಬರೆಯುವಾಗ ಯಾರ ಮುಖ ನೋಡಿದ್ದಿರಿ? ಜನರ ಠೇವಣಿ ನುಂಗಿ ಸಿಕ್ಕಿಬಿದ್ದವನಿಗೂ, ಕುರಡಗಿಗಾಗಿ ಜಗಳಾಡಿದವಳಿಗೂ ಒಂದೇ ನಿಯಮವಂತೆ. ಅವನು ಅದನ್ನು ಬೀಡಾ ತಿಂದ ಲೆಕ್ಕದಲ್ಲಿ ಕಟ್ಟುತ್ತಾನೆ. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬುದನ್ನು ನಾನೇ ಕರಿಹಲಗೆಯ ಮೇಲೆ ಬರೆದು ಮಕ್ಕಳಿಂದ ಹೇಳಿಸುತ್ತಿದ್ದೆ. ಅದಕ್ಕೆ ಇಂಥ ಅರ್ಥವೂ ಇದೆಯೆಂದು ಗೊತ್ತಿದ್ದರೆ ಅಷ್ಟು ಜೋರಾಗಿ ಹೇಳಿಸುತ್ತಿರಲಿಲ್ಲ.

ಖರ್ಚಿನ ವಿವರ ಮನೆಗೆ ಬಂತು. ಸಮನ್ಸು ಮುಟ್ಟಿಸಿದ ಖರ್ಚು ಅದರಲ್ಲಿದೆ. ಆಪಾ ಅವರ ಮನೆಗೆ ಸಮನ್ಸು ತಂದವರು ಅದೇ ಕಾಲಲ್ಲಿ ನನ್ನ ಮನೆಗೂ ಬಂದು, ಕಟ್ಟೆಯ ಮೇಲೆ ಕೂತು, ನನ್ನ ಕೈಯ ಚಹಾ ಕುಡಿದು ಹೋದದ್ದು ಎರಡು ಪ್ರಯಾಣವಾಗಿ ಬಂದಿದೆ. ಚಹಾದ ಉಲ್ಲೇಖವಿಲ್ಲ. ಭಾಲ್ಕಿಯ ಹಣಮಂತನ ಸಾಕ್ಷಿ ಭತ್ಯೆ ಇದೆ. ಅವನು ಒಂದು ದಿನ, ಒಂದು ಬಸ್ಸಿನಲ್ಲಿ, ಒಂದು ಬಾಯಿಯಿಂದ, ತಾನು ಏನೂ ನೋಡಿಲ್ಲವೆಂಬುದನ್ನು ಎರಡು ಪ್ರಕರಣಗಳಲ್ಲಿ ಹೇಳಿದ್ದರಿಂದ ಅದು ನನಗೆ ಒಂದು ಸಲ, ಆಪಾ ಅವರಿಗೆ ಒಂದು ಸಲ ಬಿದ್ದಿದೆ. ಅವನನ್ನು ಸಂತೆಯಲ್ಲಿ ಕಂಡು ಕೇಳಿದೆ. ತನಗೆ ಬಂದದ್ದು ಒಂದೇ ಸಲದ್ದು, ಅದೂ ಅರ್ಧ ಎಂದ. ಉಳಿದದ್ದು ಎಲ್ಲಿಗೆ ಹೋಯಿತೆಂದು ಕೇಳುವ ಅಧಿಕಾರ ಅಪರಾಧಿಗೆ ಇರಲಾರದು, ಆದ್ದರಿಂದ ಕೇಳುವುದಿಲ್ಲ.

ನಾನು ಎಷ್ಟೋ ಮಕ್ಕಳನ್ನು ನಾಪಾಸು ಮಾಡಿದ್ದೇನೆ. ಯಾರ ಮನೆಗೂ ಹೋಗಿ, ನಿಮ್ಮ ಮಗನ ತಪ್ಪು ತಿದ್ದಲು ಕೆಂಪು ಶಾಯಿ ಖರ್ಚಾಯಿತು, ಕೊಡಿ ಎಂದಿಲ್ಲ. ತಪ್ಪು ತಿದ್ದುವುದು ನನ್ನ ಕೆಲಸ, ಅದಕ್ಕೆ ನನಗೆ ಸಂಬಳವಿತ್ತು. ನ್ಯಾಯ ಹೇಳುವುದು ಸರ್ಕಾರದ ಕೆಲಸವೋ ಅಥವಾ ಸರ್ಕಾರ ನಡೆಸುವ ಅಂಗಡಿಯೋ? ತಪ್ಪಿಗೆ ಶಿಕ್ಷೆ ಕೊಡಿ, ಅನುಭವಿಸುತ್ತೇವೆ. ಆದರೆ ನಾನು ತಪ್ಪು ಮಾಡಿದೆನೋ ಇಲ್ಲವೋ ಎಂಬ ಅನುಮಾನ ಬಂದದ್ದು ತಮಗೆ. ಆ ಅನುಮಾನ ಪರಿಹರಿಸಿಕೊಂಡ ಖರ್ಚು ನನ್ನದೇಕೆ? ಕೈಲಾಶ ಇನ್ನೊಂದು ವಿಷಯ ಹೇಳಿದ. ತಪ್ಪಿಲ್ಲವೆಂದು ಕೊನೆಯ ತನಕ ಹೋರಾಡಿ ಸೋತಿದ್ದರೆ ಸಾಕ್ಷಿಗಳು ಹೆಚ್ಚಾಗಿ, ತಾರೀಖು ಹೆಚ್ಚಾಗಿ, ಖರ್ಚು ಇನ್ನೂ ಏರುತ್ತಿತ್ತಂತೆ. ಅಪೀಲು ಹೋಗಿ ಅಲ್ಲಿ ಸೋತರೆ ಅಲ್ಲಿಯ ಖರ್ಚೂ ಸೇರುತ್ತದಂತೆ. ಈಗ ಅವನ ಬಳಿ ಬರುವ ಬಡವರು ತಪ್ಪು ಮಾಡಿದ್ದರೂ ಮಾಡಿರದಿದ್ದರೂ ಮೊದಲ ದಿನವೇ ಒಪ್ಪಿಕೊಂಡು ಕೈ ತೊಳೆದುಕೊಳ್ಳುತ್ತಿದ್ದಾರೆ ಎಂದ. ನಾವು ಮರ್ಯಾದೆಗಾಗಿ ಒಪ್ಪಿಕೊಂಡೆವು, ಅವರು ಹೆದರಿ ಒಪ್ಪಿಕೊಳ್ಳುತ್ತಿದ್ದಾರೆ. ತಮ್ಮ ದಾಖಲೆಯಲ್ಲಿ ಎರಡೂ ನ್ಯಾಯದಾನದ ಪ್ರಗತಿ ಎಂದೇ ಬರುತ್ತಿರಬಹುದು.

ಮೊತ್ತವನ್ನು ನಾನು ಇಲ್ಲಿ ಬರೆಯುವುದಿಲ್ಲ. ತಮಗೆ ಅದು ಚಿಕ್ಕದಾಗಿ ಕಾಣಿಸುತ್ತದೆ. ನನಗೆ ಪಿಂಚಣಿ ಬರುತ್ತದೆ, ಗೊಣಗುತ್ತ ನನ್ನ ಪಾಲನ್ನು ಕಟ್ಟಿದೆ. ಕುಲಸುಮಬೀ ಅವರಿಗೆ ಅದು ಆಡು. ಅವರು ಕೌದಿ ಹೊಲಿಯುತ್ತಿದ್ದರು, ಈಗ ಕಣ್ಣು ಸಾಲದು. ಆಡಿನ ಹಾಲು, ವರ್ಷಕ್ಕೊಮ್ಮೆ ಮಾರುವ ಮರಿ, ಇವೇ ಜೀವನ. ಕಟ್ಟದಿದ್ದರೆ ಚರ ಆಸ್ತಿಯ ಜಪ್ತಿ ಎಂದು ನೋಟಿಸಿನಲ್ಲಿದೆ. ಅವರ ಮನೆಯಲ್ಲಿ ಚರ ಎನ್ನಬಹುದಾದದ್ದು ಅದೊಂದೇ, ಇಡೀ ದಿನ ಚರಿಸುತ್ತಲೇ ಇರುತ್ತದೆ. ಈಗ ಅದು ಗಬ್ಬವಾಗಿದೆ. ಹುಟ್ಟಲಿರುವ ಮರಿಗಳು ಯಾವ ಪ್ರಕರಣದಲ್ಲೂ ಆರೋಪಿಗಳಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇನೆ. ಕುರಡಗಿ ತಿಂದ ಮೂಲ ಅಪರಾಧಿಯನ್ನೇ ಹಿಡಿಯಲು ತಾವು ಹೊರಟಿದ್ದೀರಿ ಎಂದು ಊರಲ್ಲಿ ಕೆಲವರು ನಗುತ್ತಿದ್ದಾರೆ. ನನಗೂ ಮೊದಲು ನಗು ಬಂದಿತ್ತು.

ಆಪಾ ಅವರ ಪಾಲನ್ನೂ ನಾನೇ ಕಟ್ಟುತ್ತೇನೆಂದು ಹೋದೆ. ಅವರು ಒಪ್ಪಲಿಲ್ಲ. ಸಕ್ಕರೆ ತಿಂದ ಮೇಲೆ ಆ ಜಗಳದ ಬಾಬತ್ತು ಕೊಡುವುದು ತೆಗೆದುಕೊಳ್ಳುವುದು ಇಲ್ಲ ಎಂಬ ಕಟ್ಟೆಯ ಮಾತನ್ನು ನನಗೇ ನೆನಪಿಸಿದರು. ಅವರ ಪರವಾಗಿ ನಾನು ಕಟ್ಟಿದರೆ ಅವರು ಸಣ್ಣವರಾಗುತ್ತಾರೆ, ಅದು ನನಗೂ ಗೊತ್ತು. ಅವರಿಗೆ ತಿಳಿಯದಂತೆ ಕಟ್ಟೋಣವೆಂದು ಕೋರ್ಟಿನ ಕಚೇರಿಗೂ ಹೋದೆ. ಅಲ್ಲಿಯ ಗುಮಾಸ್ತರು ಒಳ್ಳೆಯ ಮನುಷ್ಯರು, ಕುರ್ಚಿ ಕೊಟ್ಟರು. ಕಟ್ಟಬಹುದು, ಆದರೆ ರಸೀದಿ ಅವರ ಮನೆಗೇ ಹೋಗುತ್ತದೆ ಬಾಯಿಯವರೇ ಎಂದರು. ಖರ್ಚು ಮಾಫಿಗೆ ಅರ್ಜಿ ಬರೆದುಕೊಡಲೇ ಎಂದೆ. ಕಂಪ್ಯೂಟರಿನಲ್ಲಿ ಅಪರಾಧಿ ಎಂದು ಒತ್ತಿದ ಕೂಡಲೇ ಖರ್ಚು ತಾನೇ ಬರುತ್ತದೆ, ಕಾರಣ ಬರೆಯಲು ಜಾಗವೇ ಇಲ್ಲ, ತನ್ನ ಕೈಯಲ್ಲಿ ಏನೂ ಇಲ್ಲ ಎಂದರು. ನ್ಯಾಯಾಧೀಶರ ಕೈಯಲ್ಲಿಲ್ಲ, ಗುಮಾಸ್ತರ ಕೈಯಲ್ಲಿಲ್ಲ, ವಕೀಲನ ಕೈಯಲ್ಲಂತೂ ಇರಲೇ ಇಲ್ಲ. ಉಳಿದವರು ತಾವೊಬ್ಬರೇ. ಅದಕ್ಕೇ ಈ ಪತ್ರ ತಮಗೆ.

ಕಳೆದ ವಾರದಿಂದ ಆಪಾ ಕಿಂಡಿಯಿಂದ ಬರುವುದಿಲ್ಲ. ನಾನು ಕೊತ್ತಂಬರಿ ಇಟ್ಟರೆ ತೆಗೆದುಕೊಳ್ಳುವುದಿಲ್ಲ, ಅದು ಅಲ್ಲೇ ಬಾಡುತ್ತದೆ. ಓಣಿಯವರು ಸುಮ್ಮನಿರುತ್ತಾರೆಯೇ? ಟೀಚರಬಾಯಿ ಕೇಸು ಹಾಕಿದ್ದಕ್ಕೇ ಮುದುಕಿಯ ಆಡು ಹೋಗುತ್ತಿದೆ ಎನ್ನುತ್ತಾರೆ. ನರಸಿಂಗ ಮತ್ತು ಹಬೀಬ ಮತ್ತೆ ಮರ್ಯಾದೆಯ ಮಾತು ತೆಗೆದಿದ್ದಾರೆ. ಮೊನ್ನೆ ಆಪಾ ತೂತಿನ ಬಿಲ್ಲೆಯನ್ನು ಬಟ್ಟೆಯಲ್ಲಿ ಸುತ್ತಿ ತಂದು, ಕಿಂಡಿಯಿಂದಲ್ಲ, ಬಾಗಿಲಿನಿಂದ ಬಂದು ನನ್ನ ಕೈಗೆ ಕೊಟ್ಟರು. ಇನ್ನು ಯಂತ್ರ ಪೂರ್ತಿ ನೀನೇ ಇಟ್ಟುಕೋ ಎಂದರು. ಸಿಟ್ಟೇ ಎಂದು ಕೇಳಿದೆ. ಅವರು ಬಾಗಿಲ ಚೌಕಟ್ಟು ಹಿಡಿದು ಹೇಳಿದರು:

"ಸಿಟ್ಟಿಲ್ಲ ಬಾಯಿ. ಖರೆ, ನಿನ್ನ ಮಾರಿ ನೋಡಿದ್ರ ನಂಗ ಆಡ ನೆನಪಾಗ್ತದ. ಅದಕ್ಕೇ ಬರಂಗಿಲ್ಲ."

ನಾನು ಅಳುವವಳಲ್ಲ. ಅಂದು ಅತ್ತೆ. ಕುರಡಗಿ ಹೋದಾಗ ಸಿಟ್ಟು ಬಂದಿತ್ತು, ಅಪರಾಧಿಯಾದಾಗ ನಗು ಬಂದಿತ್ತು, ಆ ಬಿಲ್ಲೆ ಕೈಗೆ ಬಂದಾಗ ಎದೆ ಒಡೆಯಿತು. ಆಡು, ಗೋಧಿ, ಠಾಣೆ, ಕೋರ್ಟು ಯಾವುದಕ್ಕೂ ಆಗದ ಕೆಲಸವನ್ನು ತಮ್ಮ ನಿಯಮ ಮಾಡಿದೆ. ಎರಡು ಮನೆಯವರು ಸೇರಿ ಮುಗಿಸಿದ್ದ ಜಗಳವನ್ನು ಅದು ತೆರೆದು ಮತ್ತೆ ನಮ್ಮ ಮನೆಗೆ ತಂದು ಕೊಟ್ಟಿದೆ, ಖರ್ಚು ಸಮೇತ. ನ್ಯಾಯಾಲಯ ಇರುವುದು ಜಗಳ ಮುಗಿಸಲಿಕ್ಕೆ ಎಂದು ನಾನು ತಿಳಿದಿದ್ದೆ. ತಪ್ಪಿದ್ದರೆ ತಿದ್ದಿ.

ಈಗ ಬೇಡಿಕೆ. ಸೋಮವಾರ ನಿಮ್ಮವರು ಬರಬಾರದು. ಕುಲಸುಮಬೀ ಅವರ ಖರ್ಚನ್ನು ಬಿಡಬೇಕು. ಅಷ್ಟಕ್ಕೇ ಬಿಡುವುದಿಲ್ಲ, ಏಕೆಂದರೆ ನಮ್ಮದು ಒಂದೇ ಓಣಿಯಲ್ಲ, ಒಂದೇ ಆಡೂ ಅಲ್ಲ. ಖರ್ಚು ಹಾಕಬೇಕೋ ಬಿಡಬೇಕೋ ಎಂಬುದನ್ನು ಎದುರಿಗೆ ನಿಂತವರ ಮುಖ ನೋಡುವ ನ್ಯಾಯಾಧೀಶರಿಗೇ ಒಪ್ಪಿಸಬೇಕು. ಇಷ್ಟು ಮಾಡಲು ತಮಗೆ ಹೊಸ ಕಟ್ಟಡ ಬೇಕಾಗಿಲ್ಲ, ಹೊಸ ಹುದ್ದೆ ಬೇಕಾಗಿಲ್ಲ, ಒಂದು ಸಾಲು ತಿದ್ದಿದರೆ ಸಾಕು. ನನ್ನ ಹತ್ತಿರ ಹಳೆಯ ಕೆಂಪು ಶಾಯಿಯ ಪೆನ್ನು ಇದೆ, ಬೇಕಿದ್ದರೆ ಕಳಿಸುತ್ತೇನೆ.

ನಿಯಮ ತಿದ್ದಿದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ, ಸರ್ಕಾರ ಸಣ್ಣದಾಗುತ್ತದೆ ಎಂಬ ಅಂಜಿಕೆ ತಮಗಿದ್ದರೆ, ಒಮ್ಮೆ ಜನವಾಡಕ್ಕೆ ಬನ್ನಿ. ಬೇವಿನ ಕಟ್ಟೆ ಬಸ್ಸು ನಿಲ್ಲುವಲ್ಲೇ ಇದೆ. ಗೋರಖನಾಥ ಕಾಕಾ ಕೇಳುವುದು ಒಂದೇ ಪ್ರಶ್ನೆ. ತಪ್ಪು ನನ್ನದು ಎಂದು ಒಂದು ಸಲ ಅನ್ನಿ. ನಾನು ಮತ್ತು ಆಪಾ ಆಗಲೇ ಒಂದೊಂದು ಸಲ ಮೊದಲಿಗರಾಗಿದ್ದೇವೆ, ಈ ಸಲ ದೊಡ್ಡವರಾಗುವ ಅವಕಾಶವನ್ನು ತಮಗೇ ಬಿಡುತ್ತೇವೆ. ತಮ್ಮ ಬಾಯಿಗೆ ಆಪಾ ಸಕ್ಕರೆ ಹಾಕುತ್ತಾರೆ. ಆಮೇಲೆ ಆ ಮಾತನ್ನು ನಾವು ಯಾರೂ ಎತ್ತುವುದಿಲ್ಲ, ಮತ್ತು ಸಕ್ಕರೆಯ ಖರ್ಚನ್ನು ತಮ್ಮಿಂದ ವಸೂಲು ಮಾಡುವುದಿಲ್ಲ.

ಇಂತಿ,
ಖರ್ಚು ಕಟ್ಟಿದ ರಸೀದಿಯೊಂದಿಗೆ,
ಕೇಶರಬಾಯಿ
ನಿವೃತ್ತ ಶಿಕ್ಷಕಿ, ಹಾಲಿ ಅಪರಾಧಿ
ಜನವಾಡ, ಬೀದರ ತಾಲೂಕು